ಕ್ಯಾಮೆರಾಕ್ಕೆ ಬಡಿಸಿದ ಊಟ

ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿಯ ತರಕಾರಿ ಸೂಪಿನ ಜಾಹೀರಾತೊಂದು 1960ರ ದಶಕದ ಕೊನೆಗೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ಬಂತು. ಚಿತ್ರೀಕರಣದ ಹೊತ್ತಿಗೆ ಬಟ್ಟಲಿನ ತಳದಲ್ಲಿ ಗಾಜಿನ ಗೋಲಿಗಳನ್ನು ಹರಡಿ, ಅವುಗಳ ಮೇಲೆ ಸೂಪು ಸುರಿದಿದ್ದರು ಎಂಬುದು ದೂರು. ಸೂಪನ್ನು ಬಟ್ಟಲಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಹೋಳುಗಳು ತಳ ಸೇರುತ್ತವೆ, ಮೇಲೆ ಬರೀ ತಿಳಿ ಕಾಣುತ್ತದೆ. ತಳವನ್ನು ಗೋಲಿಗಳು ಹಿಡಿದುಕೊಂಡರೆ ಹೋಳುಗಳಿಗೆ ಇಳಿಯಲು ಜಾಗವೇ ಇರುವುದಿಲ್ಲ. ಬಟ್ಟಲ ತುಂಬ ತರಕಾರಿ ಕಿಕ್ಕಿರಿದ ನೋಟ ಸಿದ್ಧ. 1970ರಲ್ಲಿ ಕಂಪನಿ ಇನ್ನು ಮುಂದೆ ಹಾಗೆ ಮಾಡುವುದಿಲ್ಲವೆಂದು ಒಪ್ಪಿ ಪ್ರಕರಣ ಮುಗಿಸಿಕೊಂಡಿತು. ಹಿಂದಿನ ಜಾಹೀರಾತಿನಲ್ಲಿ ಏನು ಮಾಡಿದ್ದೆವೆಂದು ಮುಂದಿನ ಜಾಹೀರಾತುಗಳಲ್ಲಿ ಕಂಪನಿಯ ಬಾಯಿಂದಲೇ ಹೇಳಿಸಬೇಕು ಎಂದು ವಾಷಿಂಗ್ಟನ್ನಿನ ಕಾನೂನು ವಿದ್ಯಾರ್ಥಿಗಳ ಗುಂಪೊಂದು ವಾದಿಸಿತು, ಆಯೋಗ ಅಷ್ಟು ದೂರ ಹೋಗಲಿಲ್ಲ. ಈ ಪ್ರಸಂಗವನ್ನು ಈಗ ನಗೆಯಾಡಲು ಹೇಳುವುದೇ ಹೆಚ್ಚು. ನನಗೆ ಅದರಲ್ಲಿ ಕಾಣುವ ವಿಶೇಷ ಬೇರೆ. ಆ ಬಟ್ಟಲಿನಲ್ಲಿದ್ದ ಸೂಪು ಅಸಲಿ, ತರಕಾರಿ ಅಸಲಿ, ಕಣ್ಣಿಗೆ ಬಿದ್ದದ್ದೆಲ್ಲ ಅಸಲಿ. ಆದರೂ ಚಿತ್ರ ಸುಳ್ಳಾಯಿತು.

ಆಹಾರದ ಜಾಹೀರಾತುಗಳ ಮೇಲೆ ನಮಗಿರುವ ಸಿಟ್ಟು ಬಹುಮಟ್ಟಿಗೆ ಗುರಿ ತಪ್ಪಿದ ಸಿಟ್ಟು ಎಂದು ತೋರುವುದು ಇಲ್ಲಿಯೇ. ಸ್ಟುಡಿಯೋಗಳ ಒಳಗುಟ್ಟು ಬಯಲು ಮಾಡುವ ವಿಡಿಯೋಗಳನ್ನು ಲಕ್ಷಾಂತರ ಜನ ನೋಡುತ್ತಾರೆ: ಐಸ್‌ಕ್ರೀಮಿನ ಜಾಗದಲ್ಲಿ ಅರೆದ ಆಲೂಗಡ್ಡೆ, ಕಾರ್ನ್‌ಫ್ಲೇಕ್ಸಿಗೆ ಹಾಲಿನ ಬದಲು ಬಿಳಿ ಅಂಟು, ತಂಪು ಪಾನೀಯದ ಬಾಟಲಿಯ ಮೇಲೆ ಗ್ಲಿಸರಿನ್ ಹನಿ, ಕರಗದ ಅಕ್ರಿಲಿಕ್ ಮಂಜುಗಡ್ಡೆ, ಕೆನೆಯ ಬದಲು ಶೇವಿಂಗ್ ಕ್ರೀಮು. ನೋಡಿದವರು ‘ಅಯ್ಯೋ, ಎಂಥ ಮೋಸ’ ಎನ್ನುತ್ತಾರೆ. ಹಾಗೆ ನೋಡಿದರೆ ಇದರಲ್ಲಿ ಬಹುಪಾಲು ಮೋಸವೇ ಅಲ್ಲ. ಸ್ಟುಡಿಯೋದ ದೀಪಗಳ ಕೆಳಗೆ ಐಸ್‌ಕ್ರೀಮು ನಿಲ್ಲುವುದಿಲ್ಲ. ನಿಂತಿರುವಂತೆ ತೋರಿಸಲು ಇನ್ನೇನನ್ನೋ ಇಡಬೇಕು. ಅಮೆರಿಕದ ಸುಪ್ರೀಂ ಕೋರ್ಟು 1965ರಲ್ಲಿ ಕೋಲ್ಗೇಟ್-ಪಾಮೋಲಿವ್ ಕಂಪನಿಯ ಮೊಕದ್ದಮೆಯಲ್ಲಿ ಇದೇ ಆಲೂಗಡ್ಡೆಯ ಮಾತೆತ್ತಿತು. ಅಲ್ಲಿ ವಿಚಾರಣೆಯಲ್ಲಿದ್ದದ್ದು ಆಹಾರವಲ್ಲ, ಕ್ಷೌರದ ನೊರೆ. ಅದು ಉಪ್ಪುಕಾಗದವನ್ನೂ ಬೋಳಿಸುತ್ತದೆ ಎಂದು ತೋರಿಸಲು ಪ್ಲೆಕ್ಸಿಗ್ಲಾಸಿನ ಮೇಲೆ ಮರಳು ಅಂಟಿಸಿ ಬೋಳಿಸಿದ್ದರು. ಕೋರ್ಟು ಎಳೆದ ಗೆರೆ ಸ್ಪಷ್ಟವಾಗಿತ್ತು: ಐಸ್‌ಕ್ರೀಮು ತಿನ್ನುವ ದೃಶ್ಯಕ್ಕಾಗಿ ಆಲೂಗಡ್ಡೆ ಇಟ್ಟರೆ ತಕರಾರಿಲ್ಲ; ಅದೇ ಆಲೂಗಡ್ಡೆಯನ್ನು ತೋರಿಸಿ ‘ನಮ್ಮ ಐಸ್‌ಕ್ರೀಮಿನ ಬಣ್ಣ ನೋಡಿ, ಅದರ ಹದ ನೋಡಿ’ ಎಂದು ಹೇಳಿದರೆ ಅದು ಸುಳ್ಳು ಸಾಕ್ಷ್ಯ. ಕಾರ್ನ್‌ಫ್ಲೇಕ್ಸ್ ಮಾರುವವನ ಬಟ್ಟಲಿನಲ್ಲಿ ಹಾಲು ನಕಲಿಯಾದರೂ ನಡೆಯುತ್ತದೆ, ಕಾರ್ನ್‌ಫ್ಲೇಕ್ಸ್ ಮಾತ್ರ ಅಸಲಿಯಾಗಿರಬೇಕು ಎನ್ನುವ ವಿಚಿತ್ರವಾದರೂ ಸಮಂಜಸವಾದ ನೀತಿ ನಿಂತಿರುವುದು ಈ ತರ್ಕದ ಮೇಲೆ.

ನಕಲಿಯೇ ದೋಷವಲ್ಲ ಎನ್ನುವುದಕ್ಕೆ ಜಪಾನಿನ ಉದಾಹರಣೆ ಇನ್ನೂ ಗಟ್ಟಿ. ಅಲ್ಲಿನ ಹೋಟೆಲುಗಳ ಮುಂದಿನ ಗಾಜಿನ ಕಪಾಟಿನಲ್ಲಿ ನೂಡಲ್ಸು, ಸುಶಿ, ಆಮ್ಲೆಟ್ಟುಗಳ ಪ್ರತಿರೂಪಗಳು ಸಾಲಾಗಿ ಕೂತಿರುತ್ತವೆ. ಮೊದಲು ಮೇಣದಲ್ಲಿ, ಈಗ ಪ್ಲಾಸ್ಟಿಕ್ಕಿನಲ್ಲಿ ಮಾಡುವ ಇವನ್ನು ‘ಸಾಂಪುರು’ ಎನ್ನುತ್ತಾರೆ. ಗುಜೋ ಹಚಿಮಾನ್ ಎಂಬ ಊರಿನಿಂದ ಬಂದ ಇವಾಸಾಕಿ ತಕಿಜೋ 1932ರಲ್ಲಿ ಒಸಾಕಾದಲ್ಲಿ ಇವನ್ನು ವ್ಯಾಪಾರವಾಗಿ ಬೆಳೆಸಿದ. ಆ ಊರು ಇಂದಿಗೂ ಈ ಕಸುಬಿಗೆ ಹೆಸರುವಾಸಿ. ಸಾಂಪುರುವಿನಲ್ಲಿ ತಿನ್ನಬಹುದಾದ ಒಂದು ಅಗುಳೂ ಇಲ್ಲ. ಆದರೆ ಬಟ್ಟಲು ಎಷ್ಟು ದೊಡ್ಡದು, ಸಿಗಡಿ ಎಷ್ಟು, ಮೇಲೆ ಮೊಟ್ಟೆ ಇದೆಯೋ ಇಲ್ಲವೋ ಎಂಬುದನ್ನು ಅದು ಭಾಷೆ ಬಾರದ ಪರದೇಶಿಗೂ ತಿಳಿಸುತ್ತದೆ. ಕಪಾಟಿನಲ್ಲಿ ಮೂರು ಸಿಗಡಿ ತೋರಿಸಿ ಮೇಜಿಗೆ ಎರಡು ತಂದರೆ ಗಿರಾಕಿ ಎದ್ದು ಹೋಗಿ ಬೆರಳು ಮಾಡಿ ತೋರಿಸಬಹುದು, ಎರಡಕ್ಕೂ ನಡುವೆ ಇರುವುದು ಒಂದು ಬಾಗಿಲು ಮಾತ್ರ. ಅಂದಮೇಲೆ ಕೇಳಬೇಕಾದ ಪ್ರಶ್ನೆ ಚಿತ್ರದಲ್ಲಿರುವುದು ತಿನ್ನುವಂಥದ್ದೇ ಎಂಬುದಲ್ಲ. ಆ ಚಿತ್ರ ತಟ್ಟೆಗೆ ಉತ್ತರ ಕೊಡಬೇಕಾಗಿದೆಯೇ ಎಂಬುದು. ಜಾಹೀರಾತಿನ ಆಹಾರ ಆ ಹೊಣೆಯಿಂದ ಪೂರ್ತಿ ಕಳಚಿಕೊಂಡಿದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಈಗ ತಟ್ಟೆಯೇ ಚಿತ್ರಕ್ಕೆ ಉತ್ತರ ಕೊಡುವ ಸ್ಥಿತಿ ಬಂದಿದೆ ಎಂಬುದು ನನ್ನ ವಾದ.

ಕಳಚಿಕೊಳ್ಳುವುದು ಹೇಗೆಂದು ನೋಡಲು ಮೆಕ್‌ಡೊನಾಲ್ಡ್ಸ್‌ನ ಕೆನಡಾ ಶಾಖೆ 2012ರಲ್ಲಿ ತಾನಾಗಿ ಬಿಡುಗಡೆ ಮಾಡಿದ ವಿಡಿಯೋ ಒಳ್ಳೆಯ ಪಾಠ. ಜಾಹೀರಾತಿನ ಬರ್ಗರಿಗೂ ಅಂಗಡಿಯ ಬರ್ಗರಿಗೂ ಯಾಕೆ ಇಷ್ಟು ಅಂತರ ಎಂದು ಟೊರಾಂಟೋದ ಗ್ರಾಹಕಿಯೊಬ್ಬಳು ಕೇಳಿದ್ದಕ್ಕೆ ಕೊಟ್ಟ ಉತ್ತರ ಅದು. ಅಂಗಡಿಯಲ್ಲಿ ಒಂದು ನಿಮಿಷದಲ್ಲಿ ಕೈಗೆ ಬರುವ ಬರ್ಗರನ್ನು ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ಕಟ್ಟುತ್ತಾರೆ. ಬನ್ನು, ಮಾಂಸ, ಈರುಳ್ಳಿ, ಸೌತೆ ಎಲ್ಲವೂ ಅಂಗಡಿಯವೇ. ಆದರೆ ಸೌತೆಯ ಬಿಲ್ಲೆಗಳನ್ನು, ಈರುಳ್ಳಿಯ ಚೂರುಗಳನ್ನು ಆರಿಸಿ ಆರಿಸಿ ಮುಂದಿನ ಅಂಚಿಗೆ ತಂದು ಕೂರಿಸುತ್ತಾರೆ. ಕೆಚಪ್ಪು, ಸಾಸಿವೆಗಳನ್ನು ಸಿರಿಂಜಿನಲ್ಲಿ ಹನಿಹನಿಯಾಗಿ ಇಡುತ್ತಾರೆ. ಚೀಸಿನ ಅಂಚನ್ನು ಕರಗಿಸಿ ತಿದ್ದುತ್ತಾರೆ. ಕೊನೆಗೆ ಕಂಪ್ಯೂಟರಿನಲ್ಲಿ ಉಳಿದ ಕಲೆಗಳನ್ನು ಅಳಿಸುತ್ತಾರೆ. ಒಳಗೆ ಏನೇನಿದೆ ಎಂದು ಗ್ರಾಹಕರಿಗೆ ತೋರಿಸಲೆಂದೇ ಎಲ್ಲವನ್ನೂ ಮುಂದಕ್ಕೆ ತರುತ್ತೇವೆ, ಅಂಗಡಿಯದ್ದು ಡಬ್ಬಿಯೊಳಗಿನ ಹಬೆಗೆ ಸ್ವಲ್ಪ ಕುಗ್ಗುತ್ತದೆ ಎಂಬುದು ಕಂಪನಿಯ ಸಮಜಾಯಿಷಿ. ಸಮಜಾಯಿಷಿಯಲ್ಲಿ ಸುಳ್ಳಿಲ್ಲ, ಪ್ರಾಮಾಣಿಕತೆಗಾಗಿ ಮೆಚ್ಚಲೂಬಹುದು. ಆದರೆ ಅಂಚಿನಲ್ಲಿ ಕಂಡದ್ದು ಒಳಗೂ ಹಾಗೇ ತುಂಬಿದೆ ಎಂದು ಲೆಕ್ಕ ಹಾಕುವುದು ಕಣ್ಣಿನ ಅಭ್ಯಾಸ. ಹಣ್ಣಿನ ಬುಟ್ಟಿಯ ಮೇಲುಗಡೆ ಒಳ್ಳೆಯವನ್ನು ಜೋಡಿಸುವ ವ್ಯಾಪಾರಿಗೂ ಇದು ಗೊತ್ತು. ಗೋಲಿ ಹಾಕಿದ ಸೂಪಿನಂತೆ ಇಲ್ಲಿಯೂ ಪದಾರ್ಥಗಳು ನಿಜ, ಪ್ರಮಾಣ ಮಾತ್ರ ಕಣ್ಕಟ್ಟು.

ಇದಕ್ಕೆ ನ್ಯಾಯಾಲಯಗಳು ಕೊಟ್ಟ ಉತ್ತರಗಳೂ ಒಂದೇ ತೆರನಾಗಿಲ್ಲ. ಬರ್ಗರ್ ಕಿಂಗ್ ತನ್ನ ಬರ್ಗರನ್ನು ಶೇ 35ರಷ್ಟು ದೊಡ್ಡದಾಗಿ ತೋರಿಸುತ್ತಿದೆ ಎಂಬ ಫ್ಲಾರಿಡಾದ ಮೊಕದ್ದಮೆಯಲ್ಲಿ 2023ರ ಆಗಸ್ಟಿನಲ್ಲಿ ನ್ಯಾಯಾಧೀಶರು ಟಿವಿ ಮತ್ತು ಅಂತರ್ಜಾಲದ ಜಾಹೀರಾತುಗಳ ಮೇಲಿನ ತಕರಾರನ್ನು ಬದಿಗಿಟ್ಟು, ಅಂಗಡಿಯೊಳಗಿನ ಮೆನು ಫಲಕದ ಚಿತ್ರದ ಬಗ್ಗೆ ಮಾತ್ರ ವಿಚಾರಣೆ ಮುಂದುವರಿಯಲಿ ಎಂದರು. ಮರು ತಿಂಗಳೇ ನ್ಯೂಯಾರ್ಕಿನ ಇನ್ನೊಂದು ನ್ಯಾಯಾಲಯ ಮೆಕ್‌ಡೊನಾಲ್ಡ್ಸ್ ಮತ್ತು ವೆಂಡೀಸ್ ವಿರುದ್ಧದ ಅಂಥದೇ ದೂರನ್ನು ವಜಾ ಮಾಡಿತು: ಎಲ್ಲ ಕಂಪನಿಗಳೂ ಚೆಂದದ ಚಿತ್ರಗಳನ್ನು ಬಳಸುತ್ತವೆ, ಇವರು ಮಾಡಿದ್ದು ಅದಕ್ಕಿಂತ ಬೇರೆಯಲ್ಲ ಎಂದಿತು. ಎರಡನೆಯ ತೀರ್ಪಿನ ಹಿಂದಿರುವುದು ಬಹುತೇಕ ಎಲ್ಲರ ಬಾಯಲ್ಲೂ ಬರುವ ಮಾತೇ. ಜಾಹೀರಾತು ಅಂದರೆ ಅಲಂಕಾರ ಎಂದು ಯಾರಿಗೆ ಗೊತ್ತಿಲ್ಲ? ಚಿತ್ರ ನೋಡಿ ಮೋಸಹೋಗುವಷ್ಟು ಮುಗ್ಧರು ಈಗ ಎಲ್ಲಿದ್ದಾರೆ?

ಈ ಆಕ್ಷೇಪಣೆ ಹಗುರವಾದದ್ದಲ್ಲ. ಆದರೆ ಅದು ಎರಡು ಸಂಗತಿಗಳನ್ನು ಮರೆಯುತ್ತದೆ. ಗೊತ್ತಿದ್ದ ಮಾತ್ರಕ್ಕೆ ಕಣ್ಣಿನ ಪ್ರಭಾವ ತಪ್ಪುವುದಿಲ್ಲ. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು; 2001ರಲ್ಲಿ ಪ್ರಕಟವಾದ ಈ ಪ್ರಯೋಗ ಮೂಗನ್ನು ಪಳಗಿಸಿಕೊಂಡವರ ಪಾಡನ್ನು ತೋರಿಸಿತು. ಬಣ್ಣ ಬೆರೆಸಿದ್ದು ಅವರಿಗೆ ಗೊತ್ತಿರಲಿಲ್ಲ, ನಿಜ. ಆದರೆ ಜಾಹೀರಾತಿನ ಚಿತ್ರದಲ್ಲಿ ಯಾವುದು ಎಷ್ಟು ತಿದ್ದಿದ್ದು ಎಂಬುದು ನಮಗಾದರೂ ಎಲ್ಲಿ ಗೊತ್ತು? ‘ಏನೋ ತಿದ್ದಿದ್ದಾರೆ’ ಎಂಬ ಪುಡಿ ಅನುಮಾನ ಅರಿವಲ್ಲ. ಇನ್ನೊಂದು ಸಂಗತಿ ಹೆಚ್ಚು ಮುಖ್ಯ, ಅದರ ಚರ್ಚೆಯೇ ಆಗುವುದಿಲ್ಲ. ಎಲ್ಲ ಚಿತ್ರಗಳೂ ಉತ್ಪ್ರೇಕ್ಷೆ ಎಂದು ಗಿರಾಕಿ ಒಂದು ಅಂದಾಜಿನ ಕಡಿತ ಹಾಕಿಕೊಂಡು ನೋಡತೊಡಗಿದರೆ, ಆ ಕಡಿತ ಪ್ರಾಮಾಣಿಕ ಚಿತ್ರಕ್ಕೂ ಬೀಳುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡುವ ಸಣ್ಣ ಖಾನಾವಳಿಯವರು ತಾವು ಬಡಿಸುವ ತಟ್ಟೆಯನ್ನೇ ಟ್ಯೂಬ್‌ಲೈಟಿನ ಬೆಳಕಲ್ಲಿ ಮೊಬೈಲಿನಿಂದ ತೆಗೆದು ಡೆಲಿವರಿ ಆ್ಯಪಿಗೆ ಹಾಕುತ್ತಾರೆ ಅನ್ನಿ. ಅದರ ಪಕ್ಕದಲ್ಲೇ ಸ್ಟುಡಿಯೋದ ಚಿತ್ರ ಹೊಳೆಯುತ್ತಿರುತ್ತದೆ. ಇದ್ದದ್ದನ್ನು ಇದ್ದಂತೆ ತೋರಿಸಿದವರೇ ಅಲ್ಲಿ ಮಂಕಾಗಿ ಕಾಣುತ್ತಾರೆ. ‘ಎಲ್ಲರಿಗೂ ಗೊತ್ತು’ ಎಂಬ ವಾದದ ಬೆಲೆ ತೆರುವವರು ಮೋಸ ಮಾಡಿದವರೂ ಅಲ್ಲ, ಮೋಸಹೋದವರೂ ಅಲ್ಲ. ಮೋಸ ಮಾಡದೆ ಉಳಿದವರು. ಅವರಿಗೆ ಉಳಿಯುವ ದಾರಿ ತಾವೂ ಚಿತ್ರ ತಿದ್ದುವುದು, ಇಲ್ಲವೇ ಅಡುಗೆಯನ್ನೇ ತಿದ್ದುವುದು.

ಅಡುಗೆಯನ್ನೇ ತಿದ್ದುವುದು ಊಹೆಯ ಮಾತಲ್ಲ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದಕ್ಕೆ ಮೊದಲು ಸಂಗ್ರಹಿಸಿದ ಗೋಬಿಯ 171 ಮಾದರಿಗಳಲ್ಲಿ 107ರಲ್ಲಿ, ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15ರಲ್ಲಿ ಅಸುರಕ್ಷಿತ ಬಣ್ಣಗಳಿದ್ದವು. ಸಿಕ್ಕ ಹೆಸರುಗಳಲ್ಲಿ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಕೆಲವು ತಿನಿಸುಗಳಿಗೆ ಮಿತಿಯೊಳಗೆ ಅನುಮತಿ ಇರುವಂಥವು. ರೋಡಮೈನ್-ಬಿ ಮಾತ್ರ ಬಟ್ಟೆಗೆ ಹಾಕುವ ಬಣ್ಣ, ಅದಕ್ಕೆ ಹೊಟ್ಟೆಯಲ್ಲಿ ಯಾವ ಕೆಲಸವೂ ಇಲ್ಲ. ಜೂನಿನಲ್ಲಿ ಕಬಾಬಿಗೂ ನಿಷೇಧ ಬಂತು. ಉಲ್ಲಂಘಿಸಿದವರಿಗೆ ಏಳು ವರ್ಷದ ತನಕ ಸೆರೆ, ಹತ್ತು ಲಕ್ಷ ರೂಪಾಯಿ ತನಕ ದಂಡ ಎಂದು ಸರ್ಕಾರ ಎಚ್ಚರಿಸಿತು. ಶಿಕ್ಷೆಯ ಮಾತು ಸರಿ. ಆದರೆ ಹೂಕೋಸು ಮತ್ತು ಮೈದಾಹಿಟ್ಟು ಸೇರಿ ಕೆಂಡದಂತೆ ಕೆಂಪಗಾಗಬೇಕು ಎಂದು ಆ ಗಾಡಿಯವನಿಗೆ ಹೇಳಿದವರು ಯಾರು? ಅವನ ಗಾಡಿಗೆ ಅಂಟಿಸಿದ ಫ್ಲೆಕ್ಸ್ ನೋಡಿ. ಎಲ್ಲಿಂದಲೋ ಇಳಿಸಿಕೊಂಡ ಯಾವುದೋ ಗೋಬಿಯ ಚಿತ್ರ, ಮುದ್ರಣದಲ್ಲಿ ಇನ್ನಷ್ಟು ಕೆಂಪೇರಿ, ರಾತ್ರಿಯ ದೀಪಕ್ಕೆ ಮಿರುಗುತ್ತಿರುತ್ತದೆ. ಬಾಣಲೆಯಿಂದ ಬರುವುದು ಕಂದು ಬಣ್ಣದ್ದಾದರೆ ಫ್ಲೆಕ್ಸಿನ ಪಕ್ಕದಲ್ಲಿ ಅದು ಹಳಸಿದಂತೆ ಕಾಣುತ್ತದೆ. ಫ್ಲೆಕ್ಸೊಂದೇ ಕಾರಣ ಎಂದು ನಾನು ಹೇಳಲಾರೆ, ಬಣ್ಣದ ಪುಡಿ ಫ್ಲೆಕ್ಸಿಗಿಂತ ಹಳೆಯದು. ಆದರೆ ಅಳತೆಗೋಲು ತಟ್ಟೆಯಿಂದ ಚಿತ್ರಕ್ಕೆ ಜಾರಿದಾಗ ಏನಾಗುತ್ತದೆ ಎಂಬುದಕ್ಕೆ ಇಷ್ಟು ನಿಚ್ಚಳ ಉದಾಹರಣೆ ಹುಡುಕಿದರೂ ಸಿಗದು.

ಈ ಜಾರುವಿಕೆಗೆ ದೊಡ್ಡ ಜಾಹೀರಾತು ಕಂಪನಿಯೇ ಬೇಕೆಂದೂ ಇಲ್ಲ. ಮಂಡ್ಯದ ಬೆಲ್ಲವನ್ನೇ ತೆಗೆದುಕೊಳ್ಳಿ. ಕಬ್ಬಿನ ಹಾಲನ್ನು ಕಾಯಿಸಿ, ಬೆಂಡೆಗಿಡದ ಲೋಳೆ ಹಾಕಿ ಕಲ್ಮಶ ತೆಗೆದು ಇಳಿಸಿದ ಬೆಲ್ಲ ಸಹಜವಾಗಿ ಕಂದು. ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಬರುವುದು ಹೊಂಬಣ್ಣದ ಅಚ್ಚಿಗೆ. ಹಾಗಾಗಿ ಆಲೆಮನೆಯ ಕೊಪ್ಪರಿಗೆಗೆ ‘ಹೈಡ್ರೋಸ್’ ಬಿತ್ತು. ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಬಿಳುಪು ಬರಿಸುವ ರಾಸಾಯನಿಕ. ಅದು ಕೊಡುವ ಬಣ್ಣ ಬಾಳಿಕೆಯದ್ದೂ ಅಲ್ಲ, ದಾಸ್ತಾನಿನಲ್ಲಿ ಮತ್ತೆ ಕಪ್ಪಾಗುತ್ತದೆ. ಮಾರಾಟದ ದಿನ ಕಣ್ಣಿಗೆ ಹೊಳೆದರೆ ಸಾಕು. ಆಲೆಮನೆಯವನನ್ನು ಬೈಯುವುದು ಸುಲಭ, ಆದರೆ ಕಪ್ಪು ಅಚ್ಚನ್ನು ಪಕ್ಕಕ್ಕೆ ತಳ್ಳಿ ಹಳದಿಯದನ್ನು ಎತ್ತಿಕೊಂಡ ಕೈ ಯಾರದು? ನೋಟವೊಂದರಿಂದಲೇ ಗುಣ ನಿರ್ಧಾರವಾಗುವ ಕಡೆಯೆಲ್ಲ ಪದಾರ್ಥ ನೋಟಕ್ಕೆ ಶರಣಾಗುತ್ತದೆ. ಬೆಲ್ಲದಲ್ಲಿ ಒಂದು ಜಿಲ್ಲೆಯ ಮಂಡಿಗಳಲ್ಲಿ ನಿಧಾನಕ್ಕೆ ನಡೆದದ್ದನ್ನು ಜಾಹೀರಾತು ದೇಶಕ್ಕೆ ದೇಶವೇ ನೋಡುವಂತೆ, ಒಂದೇ ದಿನದಲ್ಲಿ, ಎಲ್ಲ ತಿನಿಸುಗಳ ಮೇಲೂ ಮಾಡುತ್ತದೆ.

ಇಲ್ಲಿ ಸಂಪ್ರದಾಯದ ಹೆಸರಿನಲ್ಲಿ ಒಂದು ಮಾತು ಬರುತ್ತದೆ. ಊಟಕ್ಕೆ ಅಂದ ಬೇಕು ಎನ್ನುವುದು ಕ್ಯಾಮೆರಾ ಹುಟ್ಟಿಸಿದ ಆಸೆಯಲ್ಲ. ಬಾಳೆಲೆಯ ಮೇಲೆ ಉಪ್ಪಿಗೊಂದು ಜಾಗ, ಪಲ್ಯಕ್ಕೊಂದು ಜಾಗ, ಪಾಯಸಕ್ಕೊಂದು ಜಾಗ ಇಟ್ಟವರು ನಾವು. ಬ್ಯಾಡಗಿ ಮೆಣಸಿನಕಾಯಿಯ ಖ್ಯಾತಿ ನಿಂತಿರುವುದೇ ಖಾರಕ್ಕಿಂತ ಹೆಚ್ಚಾಗಿ ಬಣ್ಣದ ಮೇಲೆ. ಒಪ್ಪುತ್ತೇನೆ, ಸಂತೋಷದಿಂದಲೇ. ಆದರೆ ಬ್ಯಾಡಗಿಯ ಕೆಂಪು ಮೆಣಸಿನಕಾಯಿಯ ಜೊತೆಗೇ ಸಾರಿಗೆ ಬರುತ್ತದೆ, ಒಗ್ಗರಣೆಯ ಮೇಲೆ ಉದುರಿಸಿದ ಕೊತ್ತಂಬರಿ ಬಾಯಿಗೂ ಹೋಗುತ್ತದೆ. ಎಲೆಯ ಅಂದವನ್ನು ನೋಡುವವನೂ ಉಣ್ಣುವವನೂ ಒಬ್ಬನೇ, ನೋಡಿದ ಎಲೆಯನ್ನೇ ಅವನು ಉಣ್ಣುತ್ತಾನೆ. ಸ್ಟುಡಿಯೋದ ತಟ್ಟೆಯನ್ನು ಯಾರೂ ಉಣ್ಣುವುದಿಲ್ಲ. ಆ ಕಸುಬಿನವರು ಕ್ಯಾಮೆರಾದ ಮುಂದೆ ಕೊನೆಗೆ ಇಡುವ ತಟ್ಟೆಯನ್ನು ‘ಹೀರೋ’ ಎನ್ನುತ್ತಾರೆ. ಚಿತ್ರ ಸಿಕ್ಕ ಮೇಲೆ ಹೀರೋಗೆ ಕಸದ ಬುಟ್ಟಿಯೇ ಗತಿ. ಇದಕ್ಕೆ ತದ್ವಿರುದ್ಧ ನಮ್ಮ ಹಳೆಯ ದರ್ಶಿನಿಗಳು. ಅಲ್ಲಿ ಫಲಕದ ಮೇಲಿದ್ದದ್ದು ತಿಂಡಿಯ ಹೆಸರು ಮತ್ತು ದರ, ಅಷ್ಟೇ. ಚಿತ್ರದ ಕೆಲಸವನ್ನು ಎದುರಿಗೇ ಕಾಣುವ ದೋಸೆಯ ಕಾವಲಿಯೂ ಪಕ್ಕದಲ್ಲಿ ನಿಂತು ತಿನ್ನುವವನ ತಟ್ಟೆಯೂ ಮಾಡುತ್ತಿದ್ದವು. ಅದಕ್ಕಿಂತ ಒಳ್ಳೆಯ ಜಾಹೀರಾತು ಇನ್ನೂ ಕಂಡುಹಿಡಿಯಲಾಗಿಲ್ಲ.

ಹಾಗಾದರೆ ಕಾನೂನು ಏನು ಮಾಡಬೇಕು? ಹೊಸದಾಗಿ ಹೆಚ್ಚೇನೂ ಬೇಕಿಲ್ಲ, ಇರುವ ತತ್ತ್ವವನ್ನೇ ಪೂರ್ತಿ ನಂಬಿದರೆ ಸಾಕು. ಪೊಟ್ಟಣದ ಮೇಲೆ ಯಾವುದಾದರೂ ಪದಾರ್ಥವನ್ನು ಮಾತಿನಲ್ಲಾಗಲಿ ಚಿತ್ರದಲ್ಲಾಗಲಿ ಎತ್ತಿ ತೋರಿಸಿದರೆ, ಅದು ಶೇಕಡ ಎಷ್ಟಿದೆ ಎಂದು ಬರೆಯಬೇಕು ಎಂಬ ನಿಯಮ ನಮ್ಮ ದೇಶದಲ್ಲಿ ಇದೆ. ಎಂದರೆ ಗೋಡಂಬಿಯ ಚಿತ್ರವೂ ಗೋಡಂಬಿಯ ಬಗ್ಗೆ ಆಡಿದ ಮಾತೇ ಎಂದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಈಗಾಗಲೇ ಒಪ್ಪಿದೆ. ತೊಂದರೆ ಇರುವುದು ಜಾಗದಲ್ಲಿ. ಗೋಡಂಬಿ ಮುಂಭಾಗದಲ್ಲಿ ಅಂಗೈಯಗಲ ಕೂತಿರುತ್ತದೆ, ಅದರ ಶೇಕಡ ಪ್ರಮಾಣ ಹಿಂಭಾಗದ ಸಾಸಿವೆ ಕಾಳಿನಂಥ ಅಕ್ಷರಗಳ ನಡುವೆ. ನೂಡಲ್ಸ್ ಪೊಟ್ಟಣದ ಮೇಲೆ ಕ್ಯಾರೆಟ್, ಬಟಾಣಿ, ದೊಣ್ಣೆಮೆಣಸಿನಕಾಯಿ ತುಂಬಿ ತುಳುಕುತ್ತವೆ, ಮೂಲೆಯಲ್ಲಿ ‘ಬಡಿಸುವ ಬಗೆಗೊಂದು ಸಲಹೆ’ ಎಂಬರ್ಥದ ಇಂಗ್ಲಿಷ್ ಮಾತು. ಒಳಗೆ ಮಸಾಲೆಯ ಚೀಟಿ. ಹಿಂದೆ ಸರಿಯಾಗಿ ಬರೆದಿದ್ದೇವಲ್ಲ ಎಂಬ ಸಮರ್ಥನೆಯನ್ನು ಯುರೋಪಿನ ನ್ಯಾಯಾಲಯ 2015ರಲ್ಲೇ ತಳ್ಳಿಹಾಕಿದೆ. ಜರ್ಮನಿಯ ಟೀಕಾನೆ ಕಂಪನಿಯ ಹಣ್ಣಿನ ಚಹಾದ ಡಬ್ಬಿಯ ಮೇಲೆ ರಾಸ್ಪ್‌ಬೆರಿ ಹಣ್ಣುಗಳೂ ವೆನಿಲಾ ಹೂಗಳೂ ಇದ್ದವು, ಒಳಗೆ ಎರಡೂ ಇರಲಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಸುಳ್ಳಿರಲಿಲ್ಲ. ಆದರೂ, ಸರಿಯಾದ ಪಟ್ಟಿಯೊಂದೇ ತಪ್ಪು ಚಿತ್ರ ಮೂಡಿಸಿದ ಭಾವನೆಯನ್ನು ಅಳಿಸಲು ಸಾಲದಿರಬಹುದು ಎಂದು ನ್ಯಾಯಾಲಯ ಹೇಳಿತು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ವಸ್ತುವಿನ ಸ್ವರೂಪ, ಸಾರ, ಪ್ರಮಾಣ, ಗುಣ ಇವುಗಳ ಬಗ್ಗೆ ದಾರಿ ತಪ್ಪಿಸುವಂಥದ್ದೆಲ್ಲ ತಪ್ಪು ಜಾಹೀರಾತೇ. ಮೊದಲ ತಪ್ಪಿಗೆ ಹತ್ತು ಲಕ್ಷ, ಮರುಕಳಿಸಿದರೆ ಐವತ್ತು ಲಕ್ಷ ರೂಪಾಯಿ ತನಕ ದಂಡ. 2022ರ ಮಾರ್ಗಸೂಚಿಯ ಪ್ರಕಾರ ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರ ವಿನ್ಯಾಸದಲ್ಲಿ ಇರಬೇಕು. ಕನ್ನಡ ಜಾಹೀರಾತಿನ ತಳದಲ್ಲಿ ಓಡಿಹೋಗುವ ಇಂಗ್ಲಿಷ್ ಸಾಲುಗಳು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ.

ಚಿತ್ರಗಳ ಮೇಲೆ ಇಷ್ಟು ಬಿಗಿ ಹಾಕಿದರೆ ಸಣ್ಣ ವ್ಯಾಪಾರಿಗಳು ಅಧಿಕಾರಿಗಳ ಕಾಟಕ್ಕೆ ಸಿಕ್ಕಿಕೊಳ್ಳುತ್ತಾರೆ, ದೊಡ್ಡವರು ವಕೀಲರನ್ನಿಟ್ಟು ಪಾರಾಗುತ್ತಾರೆ ಎಂಬ ಆತಂಕವೊಂದಿದೆ. ಎಲ್ಲ ಆಕ್ಷೇಪಣೆಗಳ ಪೈಕಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ, ಯಾಕೆಂದರೆ ಗೋಬಿ ಗಾಡಿಯವನಿಗೆ ಬಿದ್ದಷ್ಟು ಬೇಗ ಪೆಟ್ಟು ಸ್ಟುಡಿಯೋಕ್ಕೆ ಬೀಳುವುದಿಲ್ಲ. ಆದ್ದರಿಂದ ಬೇಡಿಕೆ ಕಿರಿದಾಗಿರಲಿ. ಬೆಳಕು, ಹನಿ, ಹಬೆ, ತಟ್ಟೆಯ ಚೆಲುವು ಇವನ್ನೆಲ್ಲ ಕಲಾವಿದರಿಗೇ ಬಿಡೋಣ. ಎರಡನ್ನು ಮಾತ್ರ ಬಿಡುವುದು ಬೇಡ: ಪದಾರ್ಥ ಮತ್ತು ಪ್ರಮಾಣ. ಒಳಗಿಲ್ಲದ್ದು ಚಿತ್ರದಲ್ಲಿ ಇರಬಾರದು. ಎತ್ತಿ ತೋರಿಸಿದ್ದರ ಶೇಕಡ ಪ್ರಮಾಣ ಚಿತ್ರದ ಪಕ್ಕದಲ್ಲೇ ಇರಬೇಕು. ಈ ಕಟ್ಟಳೆ ದೊಡ್ಡ ಬ್ರ್ಯಾಂಡುಗಳಿಂದಲೇ ಶುರುವಾಗಲಿ, ಆಮೇಲೆ ಡೆಲಿವರಿ ಆ್ಯಪುಗಳಿಗೆ ಬರಲಿ. ಆ್ಯಪುಗಳಲ್ಲಿ ಈಗ ಯಾರೂ ಬೇಯಿಸದ, ಯಾರೂ ಬಡಿಸದ ಅಡುಗೆಯ ಚಿತ್ರಗಳನ್ನು ಎಐ ಬರೆದುಕೊಡುತ್ತಿದೆ. ಅರೆದ ಆಲೂಗಡ್ಡೆಗಾದರೂ ಕ್ಯಾಮೆರಾದ ಮುಂದೆ ಬಂದು ನಿಲ್ಲುವ ಕಷ್ಟವಿತ್ತು. 2024ರ ಆಗಸ್ಟಿನಲ್ಲಿ ಜೊಮ್ಯಾಟೋದ ಮುಖ್ಯಸ್ಥ ದೀಪಿಂದರ್ ಗೋಯಲ್ ಅಂಥ ಚಿತ್ರಗಳನ್ನು ಮೆನುವಿನಿಂದ ತೆಗೆಯುವುದಾಗಿ ಘೋಷಿಸಿದರು. ಅವು ಗ್ರಾಹಕರ ನಂಬಿಕೆ ಕೆಡಿಸುತ್ತವೆ, ದೂರುಗಳನ್ನು ಹೆಚ್ಚಿಸುತ್ತವೆ ಎಂಬುದು ಅವರು ಕೊಟ್ಟ ಕಾರಣ. ವ್ಯಾಪಾರಿಯೇ ಒಪ್ಪಿಕೊಂಡ ಈ ಮಾತನ್ನು ನಿಯಮವಾಗಿ ಬರೆಯಲು ಸರ್ಕಾರ ಹಿಂಜರಿಯಬೇಕಾದ ಕಾರಣ ಕಾಣುವುದಿಲ್ಲ.

ನಿಯಮ ಬರುವ ತನಕ ಓದುಗರು ಸುಮ್ಮನಿರಬೇಕಾಗಿಲ್ಲ. ಪೊಟ್ಟಣದ ಮುಂಭಾಗದ ಚಿತ್ರಕ್ಕೂ ಹಿಂಭಾಗದ ಪಟ್ಟಿಗೂ ಒಳಗಿನ ಪದಾರ್ಥಕ್ಕೂ ತಾಳೆಯಾಗದಿದ್ದರೆ ಮೂರರ ಫೋಟೋ ತೆಗೆದು, ಬಿಲ್ಲನ್ನು ಜೋಪಾನವಾಗಿಟ್ಟುಕೊಂಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ದೂರು ಹೇಳಬಹುದು.